ನೂರು ಮನೆಯ ಸೋಪು

2002ರಲ್ಲಿ ಹಿರೇಹಡಗಲಿಯಲ್ಲಿ ಎಂಬಿಎ ಎಂದರೆ ಏನೆಂದು ತಿಳಿದವನು ಒಬ್ಬನೇ ಇದ್ದ. ಅವನು ಪಾಲಾಕ್ಷ. ಅವನಿಗೂ ಅದು ಪೂರ್ತಿ ತಿಳಿದಿರಲಿಲ್ಲ ಎಂಬುದು ಬೇರೆ ಮಾತು. ಅವನ ತಾಯಿ ಚೌಡಕ್ಕ ನಲ್ಲಿಯ ಮುಂದೆ ಕೊಡ ಇಟ್ಟು ಸರದಿ ಕಾಯುವಾಗಲೆಲ್ಲ, "ನಮ್ಮ ಪಾಲಾಕ್ಷ ಯುನಿವರ್ಸಿಟ್ಯಾಗ ಓದಾಕ ಹತ್ಯಾನ. ಜನ ಅಂಗಡ್ಯಾಗ ಏನ್ ತಗೊಂತಾರ, ಯಾಕ ತಗೊಂತಾರ ಅಂತ" ಎಂದು ಹೇಳುತ್ತಿದ್ದಳು.

"ಅದನ್ನೂ ಓದಬೇಕೇನ? ಬೇಕಾದ್ರ ತಗೊಂತಾರ, ಬ್ಯಾಡಾದ್ರ ಬಿಡ್ತಾರ" ಎಂದು ಪಕ್ಕದ ಮನೆಯ ಮಾರೆಮ್ಮ ಒಮ್ಮೆ ಅಂದುಬಿಟ್ಟಳು. ಅಂದು ಚೌಡಕ್ಕ ಸರದಿ ಬರುವ ಮೊದಲೇ ಖಾಲಿ ಕೊಡ ಎತ್ತಿಕೊಂಡು ಮನೆಗೆ ಬಂದಳು. ಮರುದಿನ ಹೋಗಿ, ಮಗ ಆಗಲೇ ಪಾಸಾಗಿದ್ದಾನೆ ಎಂದು ಊರಿಗೆಲ್ಲ ಸಾರಿಬಂದಳು.

ಪಾಲಾಕ್ಷ ಪಾಸಾಗಿರಲಿಲ್ಲ. ಕೊನೆಯ ಸೆಮಿಸ್ಟರಿನಲ್ಲಿದ್ದ. ಗ್ರಾಹಕರ ನಡವಳಿಕೆ, ಬ್ರ್ಯಾಂಡ್ ನಿರ್ವಹಣೆ ಎಂಬ ಎರಡು ವಿಷಯಗಳನ್ನು ಅವನು ಬಾಯಿಪಾಠ ಮಾಡಿದ್ದ. ಅವನ ಪುಸ್ತಕದಲ್ಲಿ ಗ್ರಾಹಕನ ಮನಸ್ಸು ಐದು ಚೌಕಗಳಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಒಂದು ಚೌಕದಿಂದ ಇನ್ನೊಂದಕ್ಕೆ ಬಾಣ. ಮೊದಲು ಬೇಕೆನಿಸುತ್ತದೆ, ಆಮೇಲೆ ಹುಡುಕುತ್ತಾನೆ, ಹೋಲಿಸುತ್ತಾನೆ, ಕೊಳ್ಳುತ್ತಾನೆ, ಕೊನೆಯ ಚೌಕದಲ್ಲಿ ಕೂತು ಸಂತೋಷಪಡುತ್ತಾನೆ. ಉಳಿದದ್ದು ಪ್ರಾಜೆಕ್ಟು ಮಾತ್ರ. ಹಳ್ಳಿಯ ನೂರು ಮನೆಗಳಲ್ಲಿ ಮೈಗೆ ಯಾವ ಸೋಪು ಹಚ್ಚುತ್ತಾರೆ, ಯಾಕೆ ಎಂದು ಕೇಳಿ ಬರೆಯಬೇಕಿತ್ತು.

"ನೂರು ಫಾರ್ಮು ತುಂಬಿರಬೇಕು. ಕೊನೆಗೊಂದು ಫಲಿತಾಂಶ ಇರಬೇಕು" ಎಂದಿದ್ದರು ಗೈಡ್ ಸರ್. "ಮೇ ಹತ್ತರೊಳಗೆ ತರದಿದ್ದರೆ ಇನ್ನೊಂದು ವರ್ಷ."

ಆ ಇನ್ನೊಂದು ವರ್ಷವನ್ನು ಚೌಡಕ್ಕ ನಲ್ಲಿಯ ಹತ್ತಿರ ಆಗಲೇ ಖರ್ಚು ಮಾಡಿಬಿಟ್ಟಿದ್ದಳು.

ಪಾಲಾಕ್ಷ ಮೊದಲು ಚಿಗಟೇರಿಗೆ ಹೋದ. ಏಪ್ರಿಲ್ ತಿಂಗಳ ಬಿಸಿಲು. ಆದರೂ ಕೊರಳಿಗೆ ಟೈ ಕಟ್ಟಿಕೊಂಡ, ಬೂಟು ಹಾಕಿಕೊಂಡ, ಫಾರ್ಮು ಸಿಕ್ಕಿಸಿದ ರಟ್ಟನ್ನು ಎದೆಗೆ ಒತ್ತಿ ಹಿಡಿದುಕೊಂಡ. ಗ್ರಾಹಕರಿಗೆ ವಿಶ್ವಾಸ ಬರುವ ಹಾಗೆ ಕಾಣಿಸಿಕೊಳ್ಳಬೇಕೆಂದು ಮೂರನೆಯ ಅಧ್ಯಾಯದಲ್ಲಿತ್ತು. ಮೊದಲ ಮನೆ ಎರ್ರೆಮ್ಮನದು. ಅವಳು ಆಗತಾನೆ ಮೈ ತೊಳೆದು ಬಂದು ಕಟ್ಟೆಯ ಮೇಲೆ ಕೂದಲು ಒಣಗಿಸುತ್ತಿದ್ದಳು. ಬಚ್ಚಲಿನಿಂದ ಬರುತ್ತಿದ್ದ ಘಮ ಓಣಿಯ ತುದಿಯವರೆಗೂ ಇತ್ತು.

"ಯಾವ ಸೋಪು ಬಳಸ್ತೀರಿ ಅಕ್ಕಾರ?"

ಎರ್ರೆಮ್ಮ ಟೈ ನೋಡಿದಳು. ರಟ್ಟು ನೋಡಿದಳು. ರಟ್ಟಿನ ಮೇಲಿನ ಫಾರ್ಮು ನೋಡಿದಳು. "ಸೋಪು ಎಲ್ಲಿಂದ ತರಾಣ್ರಿ ಸಾಹೇಬ್ರ? ಬಡವ್ರು. ಕಡ್ಲಿಹಿಟ್ಟು ಹಚ್ಕೊಂತೀವಿ."

"ಬಚ್ಚಲದಾಗ ವಾಸನಿ ಬರಾಕ ಹತ್ತೇತಲ್ರೀ?"

"ಅದು ಪಕ್ಕದ ಮನೀದು" ಎಂದು ಎರ್ರೆಮ್ಮ ಎದ್ದು ಬಚ್ಚಲ ಬಾಗಿಲು ಎಳೆದುಕೊಂಡಳು. "ಹೋದ ಸಲ ಬಂದವ್ರು ನಮ್ಮನ್ನ ಬಿಟ್ಟು ಹೋಗ್ಯಾರ್ರಿ. ಈ ಸಲರ ಬಡವ್ರ ಹಸಿರು ಕಾರ್ಡು ಬರ್ಕೊಳ್ರಿ."

ತಾನು ರೇಷನ್ ಕಾರ್ಡಿನವನಲ್ಲ ಎಂದು ಪಾಲಾಕ್ಷ ಬಿಡಿಸಿ ಬಿಡಿಸಿ ಹೇಳಿದ. ಹೇಳಿದಷ್ಟೂ ಅವನು ಅದರವನೇ ಎಂದು ಅವಳಿಗೆ ಖಾತ್ರಿಯಾಯಿತು. ಪಕ್ಕದ ಮನೆಯವರು, ಆ ವಾಸನೆ ಎರ್ರೆಮ್ಮನ ಮನೆಯದು ಎಂದರು. ಸಂಜೆಯ ಹೊತ್ತಿಗೆ ಐವತ್ತು ಮನೆ ಮುಗಿದವು. ಚಿಗಟೇರಿಯಲ್ಲಿ ಯಾರೂ ಸೋಪು ಕಂಡವರಲ್ಲ ಎಂದು ಐವತ್ತು ಫಾರ್ಮುಗಳು ಒಂದೇ ದನಿಯಲ್ಲಿ ಹೇಳಿದವು.

ತಪ್ಪು ಟೈನದು ಎಂದು ಪಾಲಾಕ್ಷ ತೀರ್ಮಾನಿಸಿದ. ಅವನು ದಡ್ಡನಲ್ಲ, ಓದಿದವನು. ಮಾಗಳಕ್ಕೆ ಹೋಗುವಾಗ ಟೈ ಬಿಚ್ಚಿಟ್ಟ. ಬಿಳಿ ಅಂಗಿ ತೊಟ್ಟು, ಫಾರ್ಮುಗಳನ್ನು ಕೈಚೀಲದಲ್ಲಿ ಅಡಗಿಸಿ, ಬರಿಗೈಯಲ್ಲಿ ಹೋದರೆ ಚೆನ್ನಾಗಿರದೆಂದು ಮೊದಲ ಮನೆಗೆ ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡ.

ಹೊಳೆ ದಂಡೆಯ ಆ ಊರಿನ ಬೊಮ್ಮಪ್ಪ, ಬಿಳಿ ಅಂಗಿಯ ಹುಡುಗ ಬಾಳೆಹಣ್ಣು ಹಿಡಿದು ಹೊಸ್ತಿಲಲ್ಲಿ ನಿಂತದ್ದನ್ನು ಕಂಡದ್ದೇ ತಡ, ಎದ್ದು ಒಳಗೆ ಹೋಗಿ ಹೊಸ ಕಂಬಳಿ ತಂದು ಹಾಸಿದ. "ಬರ್ರಿ, ಕುಂದರ್ರಿ. ಹಿರೇರು ಯಾರೂ ಬರ್ಲಿಲ್ಲೇನು?"

"ಒಬ್ನ ಬಂದೀನ್ರಿ. ಮನ್ಯಾಗ ಎಷ್ಟು ಮಂದಿ ಅದೀರಿ?"

"ನಾವಿಬ್ರು, ಒಬ್ಬಾಕಿ ಮಗಳು" ಎಂದು ಬೊಮ್ಮಪ್ಪ ಒಳಗೆ ಕೇಳಿಸುವ ಹಾಗೆ ಕೆಮ್ಮಿದ.

"ಮೈಗೆ ಯಾವ ಸೋಪು ಹಚ್ತೀರಿ?"

ಬೊಮ್ಮಪ್ಪ ಒಂದು ಕ್ಷಣ ಬೆರಗಾದ. ಹೆಣ್ಣು ನೋಡಲು ಬಂದವರು ಹುಡುಗಿಗೆ ಅಡುಗೆ ಬರುತ್ತದೆಯೇ, ಎಷ್ಟನೆಯ ಇಯತ್ತೆ ಓದಿದ್ದಾಳೆ ಎಂದು ಕೇಳುವುದನ್ನು ಅವನು ಬಲ್ಲ. ಇದು ಓದಿದವರ ಕಡೆಯ ಹೊಸ ಪದ್ಧತಿ ಇರಬೇಕು ಎಂದುಕೊಂಡ. "ಗಂಧದ್ದ್ರಿ! ಎಲ್ಲಾಕ್ಕಿಂತ ತುಟ್ಟೀದು. ನಮ್ಮ ಹುಡುಗಿ ಮುಖಕ್ಕ ಬ್ಯಾರೆ, ಮೈಗೆ ಬ್ಯಾರೆ."

ಒಳಗಿನಿಂದ ಮಂಡಕ್ಕಿ ಬಂತು, ಚಹಾ ಬಂತು, ಅವುಗಳ ಹಿಂದೆ ಹೊಸ ಸೀರೆ ಉಟ್ಟ ಹುಡುಗಿಯೂ ಬಂದಳು. ಪಾಲಾಕ್ಷ ನಾಚಿಕೆಯಿಂದ ಫಾರ್ಮಿನಲ್ಲಿ ತಲೆ ಹುದುಗಿಸಿದ. ಅವನು ಎರಡನೆಯ ಮನೆ ಮುಟ್ಟುವ ಮೊದಲೇ ಸುದ್ದಿ ಅಲ್ಲಿ ಮುಟ್ಟಿತ್ತು. ಓಣಿಯ ತುಂಬ ಗಂಧದ ಸೋಪು. ಒಂದು ಮನೆಯಲ್ಲಿ ಹೆಣ್ಣುಮಕ್ಕಳೇ ಇರಲಿಲ್ಲ. ಅವರು ಹೊಳಲಿನಲ್ಲಿರುವ ತಂಗಿಯ ಮಗಳ ಸೋಪು ಹೇಳಿ, ವಿಳಾಸವನ್ನೂ ಬರೆಸಿದರು. ಅಲ್ಲಿಗೆ ನಲವತ್ತೊಂಬತ್ತು ಫಾರ್ಮು.

ಒಂದು ಊರಲ್ಲಿ ಸೋಪೇ ಇಲ್ಲ, ಇನ್ನೊಂದರಲ್ಲಿ ಗಂಧದ್ದು ಬಿಟ್ಟು ಬೇರೆ ಇಲ್ಲ. ಐದು ಚೌಕಗಳಲ್ಲಿ ಇದಕ್ಕೆ ಜಾಗ ಸಿಗದೆ ಪಾಲಾಕ್ಷ ತನ್ನೂರಿನ ದಾವಲ್ ಬೀಯ ಡಬ್ಬಿ ಅಂಗಡಿಗೆ ಹೋದ. ಇಪ್ಪತ್ತು ವರ್ಷದಿಂದ ಓಣಿಗೆಲ್ಲ ಸೋಪು ಮಾರುವವಳು ಅವಳು. ಆಗಲೂ ಒಂದು ಕೆಂಪು ಸೋಪನ್ನು ದಾರದಿಂದ ಕೊಯ್ದು ನಾಲ್ಕು ತುಂಡು ಮಾಡುತ್ತಿದ್ದಳು.

"ಕವರು ಎಲ್ಲೈತಿ ದೊಡ್ಡವ್ವ?"

"ಒಲಿಗೆ ಹಾಕ್ದೆ. ಕಾಲು ಸೋಪಿಗೆ ಯಾತರ ಕವರು?"

ಕವರಿನ ಮೇಲಿನ ಹೆಸರು, ಬಣ್ಣ, ಚಿತ್ರಗಳ ಬಗ್ಗೆ ಪಾಲಾಕ್ಷ ನಲವತ್ತು ಪುಟ ಓದಿದ್ದ. ಅದನ್ನು ನುಂಗಿಕೊಂಡು, "ಯಾರ್ಯಾರು ಯಾವ್ದು ಒಯ್ತಾರ, ಅಷ್ಟು ಹೇಳು" ಎಂದ.

"ನಿಮ್ಮವ್ವ ಯಾವ್ದು ಒಯ್ತಾಳ ಅಂತ ಮಾರೆಮ್ಮಗ ಹೇಳೀನೇನು? ಮಾರೆಮ್ಮಂದು ನಿನಗ್ಯಾಕ ಹೇಳ್ಲಿ? ಹೇಳಿದ್ರ ನಾಳಿಂದ ಎಲ್ಲಾರೂ ಹಡಗಲಿ ಪ್ಯಾಟಿಗೆ ಹೋಗಿ ತರ್ತಾರ. ನನ್ನ ಅಂಗಡಿ ನಡ್ಯೋದು ಸೋಪಿನ ಮ್ಯಾಲಲ್ಲಪಾ, ಬಾಯಿ ಮುಚ್ಕೊಂಡಿರೋದ್ರ ಮ್ಯಾಲ." ದಾರ ಸುತ್ತಿಟ್ಟು ಮತ್ತೆ ಅಂದಳು: "ಕೇಳಿದ್ರ ಯಾರೂ ಖರೇ ಹೇಳಂಗಿಲ್ಲ. ಬೇಕಾದ್ರ ಇದನ್ನ ಬರ್ಕೋ."

ಪಾಲಾಕ್ಷ ಅದನ್ನು ದುಂಡಗೆ ಬರೆದುಕೊಂಡ. ಫಲಿತಾಂಶ ಸಿಕ್ಕಿತೆಂದು ಅವನಿಗೆ ಮೈ ಜುಮ್ಮೆಂದಿತು.

ಉಳಿದದ್ದು ಒಂದೇ ಫಾರ್ಮು. ಅದನ್ನು ಮನೆಯಲ್ಲೇ ತುಂಬಿಸೋಣವೆಂದು ರೊಟ್ಟಿ ಬಡಿಯುತ್ತಿದ್ದ ತಾಯಿಯ ಮುಂದೆ ಕೂತ. "ಯವ್ವಾ, ನಾವು ಯಾವ ಸೋಪು ಹಚ್ತೀವಿ?"

ಚೌಡಕ್ಕ ಹಿಟ್ಟಿನ ಕೈ ತಡೆದು ಫಾರ್ಮು ನೋಡಿದಳು. "ನಾವು ಸೋಪು ಹಚ್ಚಂಗಿಲ್ಲ."

"ಹೋದ ವಾರ ನಾನ ತಂದ್ಕೊಟ್ಟೀನಲ್ಲಬೇ!"

"ಅದು ನಿನಗ ಗೊತ್ತು, ನನಗ ಗೊತ್ತು. ಕಾಗದಕ್ಕ್ಯಾಕ ಗೊತ್ತಾಗ್ಬೇಕು?"

ನೂರನೆಯ ಫಾರ್ಮು ಹಾಗೆ ತುಂಬಿತು.

ಗೈಡ್ ಸರ್ ದಾವಲ್ ಬೀಯ ಫಲಿತಾಂಶವನ್ನು ಓದಿ ಕನ್ನಡಕ ತೆಗೆದಿಟ್ಟರು. "ಇದು ಫಲಿತಾಂಶ ಅಲ್ಲಪ್ಪ, ಚಾಡಿ. ನಕ್ಷೆ ಎಲ್ಲಿ? ಸರಾಸರಿ ಎಲ್ಲಿ? ನಾಡಿದ್ದು ಮೇ ಹತ್ತು, ನೆನಪಿರಲಿ."

ಪಾಲಾಕ್ಷ ಹಾಸ್ಟೆಲಿನಲ್ಲಿ ಕೂತು ಸರಾಸರಿ ತೆಗೆದ. ಐವತ್ತೊಂದು ಮನೆಯಲ್ಲಿ ಸೋಪಿಲ್ಲ, ನಲವತ್ತೊಂಬತ್ತರಲ್ಲಿ ಎಲ್ಲಕ್ಕಿಂತ ತುಟ್ಟಿಯದು. ಆದ್ದರಿಂದ ಹಳ್ಳಿಯ ಗ್ರಾಹಕ ಮಧ್ಯಮ ಬೆಲೆಯ ಸೋಪನ್ನು ಮೆಚ್ಚುತ್ತಾನೆ. ನೂರು ಮನೆಗಳಲ್ಲಿ ಒಬ್ಬರ ಬಾಯಲ್ಲೂ ಬಾರದ ಸೋಪು ಅದು. ದುಂಡನೆಯ ನಕ್ಷೆ ಬರೆದು ಮೂರು ಬಣ್ಣ ತುಂಬಿದ. ಪರೀಕ್ಷೆಗೆ ಬಂದ ಹೊರಗಿನ ಮೇಷ್ಟ್ರು ಬಣ್ಣ ಮೆಚ್ಚಿದರು. ಪಾಲಾಕ್ಷ ಮೊದಲ ದರ್ಜೆಯಲ್ಲಿ ಪಾಸಾದ. ಪದವಿ ಪತ್ರಕ್ಕೆ ಗಾಜು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ. ಚೌಡಕ್ಕ ನೀರು ಕೊಡುವ ನೆಪದಲ್ಲಿ ಮಾರೆಮ್ಮನನ್ನು ಎರಡು ಸಲ ಒಳಗೆ ಕರೆದು ತೋರಿಸಿದಳು.

ಮರುವರ್ಷ ರೇಷನ್ ಕಾರ್ಡಿನ ಸರ್ವೆಯವನು ನಿಜವಾಗಿಯೂ ಬಂದ. ಅವನು ಓಣಿಯ ತಿರುವಿನಲ್ಲಿ ಕಾಣಿಸುತ್ತಲೇ ಚೌಡಕ್ಕ ಪದವಿ ಪತ್ರವನ್ನು ಗೋಡೆಯ ಕಡೆಗೆ ಮುಖ ಮಾಡಿ ತಿರುಗಿಸಿ, ಅದರ ಮೇಲೊಂದು ಟವೆಲ್ ಹಾಕಿದಳು.

"ಮಗ ಎಷ್ಟು ಓದ್ಯಾನಮ್ಮ?"

"ಏಳನೇ ಇಯತ್ತೆ ಫೇಲ್ರಿ. ಕೂಲಿಗೆ ಹೋಗ್ತಾನ."

ಸರ್ವೆಯವನು ಪಾಲಾಕ್ಷನ ಕಡೆ ನೋಡಿದ. ಪಾಲಾಕ್ಷ ಅಂಗಿಯ ಜೇಬಿನ ಪೆನ್ನು ತೆಗೆದು ಬೆನ್ನ ಹಿಂದೆ ಹಿಡಿದುಕೊಂಡು, ಹೌದೆಂದು ತಲೆಯಾಡಿಸಿದ.

"ಸಹಿ ಮಾಡಾಕರ ಬರ್ತೈತಾ?" ಎಂದು ಸರ್ವೆಯವನು ರಿಜಿಸ್ಟರು ಚಾಚಿದ. ಪಾಲಾಕ್ಷ ಅವನ ಪೆನ್ನನ್ನೇ ಇಸಿದುಕೊಂಡು, ಒಂದೊಂದೇ ಅಕ್ಷರವನ್ನು ತಡವರಿಸುತ್ತ, ಏಳನೆಯ ಇಯತ್ತೆ ಫೇಲಾದವನ ಹಾಗೆ ಬಲು ಎಚ್ಚರದಿಂದ ಸಹಿ ಮಾಡಿದ.