ಬಗ್ಗದ ಬೆನ್ನು

ದಣಿಯ ಮನೆ ಮುಂದೆ ನಮ್ಮವರು ಬಾಯಿ ಬಿಡಬೇಕಾಗಿರಲಿಲ್ಲ. ಹೆಗಲ ಮೇಲಿನ ಟವೆಲ್ಲು ಕಂಕುಳಿಗೆ ಇಳಿಯಬೇಕು, ನಡು ಬಗ್ಗಬೇಕು, ಕಣ್ಣು ನೆಲದ ಮೇಲಿರಬೇಕು. ಅಷ್ಟಾದರೆ ಮಾತೆಲ್ಲ ಮುಗಿದಂತೆ. ಅವನೋ, ಕಟ್ಟೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಪಾದ ಕುಣಿಸುತ್ತ ಕೂತಿರುತ್ತಿದ್ದ. ಆ ಪಾದ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ನೆನೆದರೂ ಉರಿಯುತ್ತದೆ.

ಕಂಪ್ಲಿ ಹತ್ತಿರದ ನಮ್ಮೂರಿಗೆ ಕಾಲುವೆ ಬಂದು ವರ್ಷಗಳಾಗಿದ್ದವು. ಅಪ್ಪನಿಗೂ ಒಂದೂವರೆ ಎಕರೆ ಗದ್ದೆಯಿತ್ತು. ಆದರೆ ನೀರು ದಣಿಯ ಗದ್ದೆ ದಾಟಿಯೇ ಬರಬೇಕು. ಹೊಸಪೇಟೆಯಲ್ಲಿ ಕಾಲೇಜು ಓದುತ್ತಿದ್ದ ನಾನು ರಜೆಗೆ ಬಂದಾಗಲೆಲ್ಲ ಅಪ್ಪನ ಜೊತೆ ಇದೇ ಜಗಳ ತೆಗೆಯುತ್ತಿದ್ದೆ. "ಆ ಮನಿ ಮುಂದ ನೆಟ್ಟಗ ನಿಂದ್ರಾಕ ಏನಾಗೈತಿ ನಿನಗ?"

ಆ ಸಲ ಭತ್ತ ಹಾಲು ತುಂಬುವ ಹೊತ್ತಿಗೆ ಅಪ್ಪ ಬದುವಿನಿಂದ ಜಾರಿ ಬಿದ್ದ. ಎಲುಬು ಕೂಡಿಸುವವನು ಬೆನ್ನಿಗೆ ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಪಟ್ಟಿ ಸುತ್ತಿದ. ಅಂಗಿ ಹಾಕಿದರೆ ಏನೂ ಕಾಣುತ್ತಿರಲಿಲ್ಲ. ಮರುದಿನ ದಾರಿಯಲ್ಲಿ ದಣಿ ಎದುರಾದ. ಅಪ್ಪನಿಗೆ ಬಗ್ಗಲಾಗಲಿಲ್ಲ, ತೋಳೆತ್ತಿ ಟವೆಲ್ಲು ಇಳಿಸಲೂ ಆಗಲಿಲ್ಲ. "ಗದ್ದಿ ಬಂದ ಮ್ಯಾಲೆ ಸೊಕ್ಕು ಬಂದೈತಿ ಅವಗ" ಎಂದನಂತೆ ದಣಿ. ಸಂಜೆಯೊಳಗೆ ನಮ್ಮ ನೀರಿಗೆ ಅಡ್ಡ ಮಣ್ಣು ಬಿತ್ತು.

"ಬೆನ್ನಿಗೆ ಪೆಟ್ಟಾಗೈತಿ ಅಂತ ಹೇಳಿಬಿಡು" ಎಂದಳು ಅವ್ವ.

"ಹೇಳಂಗಿಲ್ಲ" ಎಂದ ಅಪ್ಪ. ದಿನಾ ಅದೇ ದಾರಿಯಲ್ಲಿ, ಟವೆಲ್ಲು ಹೆಗಲ ಮೇಲೆಯೇ ಇಟ್ಟುಕೊಂಡು ಓಡಾಡಿದ. ನಾಲ್ಕನೇ ದಿನ ಗದ್ದೆ ಬಿರುಕು ಬಿಟ್ಟಿತು. ನನಗೆ ತಡೆಯಲಾಗಲಿಲ್ಲ.

ಕಟ್ಟೆಯ ಮುಂದೆ ಹೋಗಿ ನಿಂತೆ. ಕೈ ತಾನಾಗಿ ಕಟ್ಟಿಕೊಂಡಿತು, ನಡು ತಾನಾಗಿ ಬಗ್ಗಿತು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಅಪ್ಪಗ ಬೆನ್ನಿಗೆ ಪೆಟ್ಟಾಗೈತ್ರಿ ದಣೇರ. ಸೊಕ್ಕಲ್ರಿ ಅದು."

ಪಾದ ಕುಣಿಯುವುದು ನಿಂತಿತು. "ಹಂಗನು! ನಾ ಏನೋ ಅನ್ಕಂಡಿದ್ದೆ" ಎಂದು ಅವನು ನಕ್ಕ. ಪಾದ ಮತ್ತೆ ಕುಣಿಯತೊಡಗಿತು. ಅವತ್ತೇ ನೀರು ಬಂತು, ಭತ್ತವೂ ಉಳಿಯಿತು.

ನಾನು ಮನೆ ಮುಟ್ಟುವ ಮೊದಲೇ ಅಪ್ಪನಿಗೆ ಸುದ್ದಿ ಮುಟ್ಟಿತ್ತು. ಬೈಯಲಿಲ್ಲ. "ನಡ ಎಷ್ಟು ಬಗ್ಗಿಸಿದಿ?" ಎಂದು ಕೇಳಿದ. ಅವತ್ತಿನಿಂದ ಗೋಡೆಗೆ ಮುಖ ಮಾಡಿಯೇ ಉಂಡ.

ಪಟ್ಟಿ ಬಿಚ್ಚಿದ ಮರುದಿನ ಅಪ್ಪ ಟವೆಲ್ಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ದಣಿಯ ಮನೆ ಕಡೆ ಹೊರಟ. ನೆಟ್ಟಗೆ ನಿಂದ್ರು ಅನ್ನುವ ಬಾಯಿ ನನಗೆ ಉಳಿದಿರಲಿಲ್ಲ.