ಅತ್ತೆ ಬರೆದ ನಡಿಗೆಗಳು

ಅತ್ತೆಯ ಬಲಗೈ ನಡುಬೆರಳಲ್ಲಿ, ಪೆನ್ಸಿಲ್ ಒರಗುವ ಜಾಗದಲ್ಲಿ, ಹುಣಿಸೆಬೀಜದಷ್ಟು ದಪ್ಪದ ಜಡ್ಡು ಕಟ್ಟಿತ್ತು. ಅಂಗೈಯ ಹೊರ ಅಂಚು ಕಿರುಬೆರಳಿನಿಂದ ಮಣಿಕಟ್ಟಿನವರೆಗೆ ಸೀಸದ ಪುಡಿ ಮೆತ್ತಿಕೊಂಡು ಬಂಗಡೆಯ ಬೆನ್ನಿನ ಹಾಗೆ ಹೊಳೆಯುತ್ತಿತ್ತು. ಅವಳು ಊರಿಗೆ ಬಂದ ದಿನವೇ ಅಜ್ಜಿ ಬಾವಿಕಟ್ಟೆಯ ಮೇಲೆ ಕೂರಿಸಿಕೊಂಡು ಆ ಕೈಯನ್ನು ತೆಂಗಿನ ನಾರು ಹಾಕಿ ತಿಕ್ಕುತ್ತಿದ್ದಳು. “ಬೊಂಬಾಯಿಲಿ ಆಫೀಸ್ ಕೆಲ್ಸ ಅಂತೆ. ಕೈ ನೋಡಿದ್ರೆ ಇದ್ಲು ಮಾರೂರ ಕೈ” ಎಂದು ಗೊಣಗುತ್ತಿದ್ದಳು. ಅತ್ತೆ ನಗುತ್ತ ಕೈಯೊಡ್ಡಿ ಕೂತಿರುತ್ತಿದ್ದಳು. ಮರುದಿನ ಚಹಾ ಕುಡಿದು ಮುಗಿಸುವುದರೊಳಗೆ ಕೈ ಮತ್ತೆ ಕಪ್ಪು.

ಅವಳು ನನ್ನ ಅಪ್ಪನ ತಂಗಿ. ಮುಂಬೈಯ ಒಂದು ಸ್ಟುಡಿಯೋದಲ್ಲಿ ಅನಿಮೇಟರ್ ಆಗಿದ್ದಳು. ಹಾಗೆಂದರೆ ಎಂತ ಎಂದು ಹೊನ್ನಾವರದ ನಮ್ಮ ಕೇರಿಯಲ್ಲಿ ಬಹಳ ವರ್ಷ ಯಾರಿಗೂ ಗೊತ್ತಿರಲಿಲ್ಲ. ಶರಾವತಿ ಸಮುದ್ರ ಸೇರುವ ಅಳಿವೆಯ ಪಕ್ಕದ ಕೇರಿ ನಮ್ಮದು. ಅಜ್ಜ ಬೋಟಿಗೆ ಹೋಗುತ್ತಿದ್ದ, ಅಜ್ಜಿ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದಳು, ಅಪ್ಪ ಬೋಟಿನ ಇಂಜಿನ್ ರಿಪೇರಿ ಮಾಡುತ್ತಿದ್ದ. ಅಂಥ ಮನೆಯ ಹುಡುಗಿ ಚಿತ್ರಕಲೆ ಓದುತ್ತೇನೆಂದು ಹೊರಟಾಗ ಬೇಡವೆಂದವರೇ ಹೆಚ್ಚು. ಮುಂಬೈಯ ಮೀನು ಬಂದರಿನಲ್ಲಿ ಕೆಲಸಕ್ಕಿದ್ದ ಅವಳ ದೊಡ್ಡಪ್ಪನ ಮನೆಯಲ್ಲಿ ಇರಿಸುವ ಏರ್ಪಾಡು ಮಾಡಿ ಕಳಿಸಿದವಳು ಅಜ್ಜಿ.

ಸ್ಟುಡಿಯೋ ಸೇರಿದಾಗ ಅವಳನ್ನು ಬಣ್ಣ ತುಂಬುವ ವಿಭಾಗಕ್ಕೆ ಹಾಕಿದರು. ಆಗ ಹೆಂಗಸರೆಲ್ಲ ಅಲ್ಲೇ. ಗಂಡಸರು ಬರೆದ ಗೆರೆಯೊಳಗೆ ಬಣ್ಣ ಆಚೆ ಹೋಗದ ಹಾಗೆ ಹಚ್ಚುವ ಕೆಲಸ. ಅತ್ತೆಗೆ ಬೇಕಾಗಿದ್ದು ಆ ಗೆರೆಗಳೇ. ಊಟದ ಬಿಡುವಿನಲ್ಲಿ ಯಾರೋ ಎದ್ದುಹೋದ ಮೇಜಿನ ಮುಂದೆ ಕೂತು, ಅಡಿಯಲ್ಲಿ ದೀಪ ಉರಿಯುವ ಗಾಜಿನ ಮೇಲೆ ಹಾಳೆಯ ಮೇಲೆ ಹಾಳೆ ಇಟ್ಟು, ಒಂದು ಏಡಿಯನ್ನು ಬರೆದಳು. ಬಿಲದಿಂದ ಹೊರಬರುವ ಏಡಿ. ಒಂದಿಷ್ಟು ಓಡಿ, ಏನೋ ನೆನಪಾದವರಂತೆ ನಿಂತು, ಕಣ್ಣು ಎತ್ತಿ ನೋಡಿ, ಬಂದ ದಾರಿಯಲ್ಲೇ ಅಡ್ಡಡ್ಡ ವಾಪಸು. ಒಂದು ದಿನ ಗೆರೆ ಬರೆಯುವ ವಿಭಾಗದ ಮುಖ್ಯಸ್ಥರು ಬಂದು ಆ ಹಾಳೆಗಳನ್ನು ಬೆರಳಲ್ಲಿ ಸರಸರನೆ ಬಿಟ್ಟು ನೋಡಿದರಂತೆ. ಗಟ್ಟಿಯಾಗಿ ನಕ್ಕರಂತೆ. ಆದರೆ ಮೇಜು ಕೊಡಲಿಲ್ಲ. “ಇಲ್ಲಿ ಕೆಲಸ ಮುಗಿಯುವಾಗ ತಡವಾಗುತ್ತದೆ. ನಿನ್ನ ಮನೆಯವರು ಒಪ್ಪುವುದಿಲ್ಲ” ಎಂದರು.

ಅತ್ತೆ ತನ್ನ ಮುರುಕು ಹಿಂದಿಯಲ್ಲಿ ಕೊಟ್ಟ ಉತ್ತರವನ್ನು ನಮಗೆ ಕನ್ನಡದಲ್ಲಿ ಹೇಳಿ ತೋರಿಸುತ್ತಿದ್ದಳು: “ನಮ್ಮಮ್ಮ ಸೂರ್ಯ ಹುಟ್ಟೂಕಿಂತ ಮುಂಚೆ ಬಂದರಿಗೆ ಹೋಗ್ತದೆ ಸರ್. ನಮ್ಮನೇಲಿ ಹೆಂಗಸ್ರನ್ನ ಹೊತ್ತು ಕೇಳೂರು ಯಾರೂ ಇಲ್ಲ.”

ಮತ್ತೂ ಕೆಲವು ತಿಂಗಳು ಅವಳು ಬಣ್ಣವನ್ನೇ ಹಚ್ಚಿದಳು, ಬಿಡುವಿನಲ್ಲಿ ಬರೆಯುವುದನ್ನೂ ಬಿಡಲಿಲ್ಲ. ಕೊನೆಗೆ ಮೇಜು ಸಿಕ್ಕಿತು. ಗೆರೆ ಬರೆಯುವ ವಿಭಾಗದಲ್ಲಿ ಕೂತ ಮೊದಲ ಹೆಂಗಸು ಅವಳು.

ರಜೆಯಲ್ಲಿ ಊರಿಗೆ ಬಂದರೆ ನಮಗೆಲ್ಲ ಕಷ್ಟಕಾಲ. ಅಪ್ಪ ಕುರ್ಚಿಯಿಂದ ಏಳುತ್ತಿದ್ದರೆ, “ಅಣ್ಣಾ, ಇನ್ನೊಂದ್ಸಲ ಕೂತು ಏಳು ನೋಡುವಾ” ಎನ್ನುತ್ತಿದ್ದಳು. ಅಪ್ಪ ಬೈಯುತ್ತಲೇ ಕೂತು ಏಳುತ್ತಿದ್ದ. “ಈಗ ಹುಸಿಯಾತು. ಮೊದ್ಲು ಎಡಗೈ ಮೊಣಕಾಲ್ ಮೇಲೆ ಊರಿದ್ದೆ, ಈಗ ಊರ್ಲಿಲ್ಲ.” ಮದುವೆ ಕರೆಯೋಲೆಯ ಹಿಂಬದಿ, ಬಸ್ಸಿನ ಟಿಕೆಟ್, ಮೀನು ಸುತ್ತಿ ತಂದ ಪೇಪರಿನ ಖಾಲಿ ಅಂಚು, ಯಾವುದೂ ಆಗುತ್ತಿತ್ತು ಅವಳಿಗೆ. ಒಂದು ಚಿತ್ರಕ್ಕೆ ಅರ್ಧ ನಿಮಿಷಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತಿರಲಿಲ್ಲ. ಮುಖ ಬರೆಯುತ್ತಲೇ ಇರಲಿಲ್ಲ. ಬೆನ್ನಿನ ಒಂದು ಗೆರೆ, ಸೊಂಟದ ಒಂದು ಗೆರೆ, ಪಾದ ನೆಲಕ್ಕೆ ತಾಗುವಲ್ಲಿ ಒತ್ತಿದ ಒಂದು ಗುರುತು. “ಮುಖ ಕಡೀಗೆ ತಂಗಿ. ಮೊದ್ಲು ಭಾರ ಎಲ್ಲಿ ಅದೆ ನೋಡು” ಎಂದು ನನ್ನ ಕೈಗೂ ಪೆನ್ಸಿಲ್ ಕೊಡುತ್ತಿದ್ದಳು.

ಯಾಕೆ ಮದುವೆಯಾಗಲಿಲ್ಲ ಎಂದು ಕೇಳುವ ನೆಂಟರಿಗೂ ಅವಳ ಉತ್ತರ ಪೆನ್ಸಿಲ್ಲಿನಲ್ಲೇ. ಕೇಳುವವರು ಕುತ್ತಿಗೆ ಮುಂದೆ ಚಾಚಿ, ದನಿ ತಗ್ಗಿಸಿ, ಸೆರಗು ಸರಿಮಾಡಿಕೊಳ್ಳುವ ಭಂಗಿಯನ್ನೇ ಬರೆದು ಅವರ ಕೈಗಿಡುತ್ತಿದ್ದಳು. ಎರಡನೇ ಸಲ ಯಾರೂ ಕೇಳುತ್ತಿರಲಿಲ್ಲ.

ಒಮ್ಮೆ ಭಟ್ಕಳದ ಪೇಟೆಗೆ ಅವಳ ಜೊತೆ ಹೋಗಿದ್ದೆ. ಬಟ್ಟೆ ಅಂಗಡಿಯ ಸಾಹೇಬರು ಥಾನು ಎತ್ತಿ, ಮಣಿಕಟ್ಟು ಒಂದೇ ಸಲ ಒದರಿ, ಬಟ್ಟೆಯನ್ನು ಮೇಜಿನ ಉದ್ದಕ್ಕೂ ಹರಡುತ್ತಿದ್ದರು. ಅತ್ತೆ ನೋಡುತ್ತ ನಿಂತುಬಿಟ್ಟಳು. ನೀಲಿ ತೋರಿಸಿ ಎಂದಳು, ಹಸಿರು ತೋರಿಸಿ ಎಂದಳು. ಅವರು ಒದರಿದಷ್ಟು ಸಲವೂ ಅವಳ ಕೈ ಚೀಲದ ಮರೆಯಲ್ಲಿ ಓಡುತ್ತಿತ್ತು. ಮೇಜಿನ ಮೇಲೆ ಬಟ್ಟೆಯ ಗುಡ್ಡೆಯಾದ ಮೇಲೆ ಸಾಹೇಬರಿಗೆ ಅನುಮಾನ ಬಂತು.

“ಎಂತ ಬಾಯಿ, ತಕಳ್ಳೂದಿಲ್ಲಾ ಅಂದ್ರೆ ಇಷ್ಟೆಲ್ಲ ಬಿಚ್ಚಿಸಿದ್ದು ಎಂತಕ್ಕೆ?”

ಅತ್ತೆ ಹಾಳೆಯನ್ನು ಅವರ ಮುಂದಿಟ್ಟಳು. ಅವರು ಕನ್ನಡಕ ಏರಿಸಿ ನೋಡಿದರು. ಒಳಗಿನ ಗೋದಾಮಿನಿಂದ ತಮ್ಮನನ್ನು ಕೂಗಿ ಕರೆದು ತಮ್ಮ ಮನೆಮಾತು ನವಾಯತಿಯಲ್ಲಿ ಏನೋ ಹೇಳಿ, ಮತ್ತೆ ನಮ್ಮ ಕಡೆ ತಿರುಗಿ, “ಮುಖನೇ ಇಲ್ಲ. ಆದ್ರೂ ನಾನೇ ಇದು!” ಎಂದರು. ನೀಲಿ ಬಟ್ಟೆ ಎರಡು ಮೀಟರ್ ನಾವು ಕೊಂಡೆವು. ಚಿತ್ರ ಅವರ ಮೇಜಿನ ಗಾಜಿನ ಕೆಳಗೆ ಹೋಯಿತು.

ಅತ್ತೆ ಬಹಳ ಸಣ್ಣಪುಟ್ಟ ಕೆಲಸಗಳನ್ನು ಮಾಡಿದಳು: ಜಾಹೀರಾತಿನ ಇಲಿ, ಟೀವಿಯ ಆನೆಮರಿ, ಯಾವುದೋ ದೇಶದ ಕಂಪನಿಗಾಗಿ ಇನ್ಯಾರೋ ಯೋಚಿಸಿದ ನಾಯಿ. ನಡುವಯಸ್ಸು ದಾಟುವ ಹೊತ್ತಿಗೆ ಒಂದು ಪೂರ್ತಿ ಸಿನಿಮಾ ಸಿಕ್ಕಿತು. ಸಮುದ್ರತೀರದ ಕತೆ. ಅದರಲ್ಲಿ ಒಬ್ಬ ಮುದುಕಿ ಬರುತ್ತಾಳೆ. ಅವಳನ್ನು ಮೊದಲಿನಿಂದ ಕೊನೆಯವರೆಗೆ ನಡೆಸುವ ಹೊಣೆ ಅತ್ತೆಯದು, ಅವಳ ಕೈಕೆಳಗೆ ಒಂದು ತಂಡ. ಆ ವರ್ಷ ಊರಿಗೆ ಬಂದಾಗ ಅವಳು ಬೇರೆ ಯಾರನ್ನೂ ಬರೆಯಲಿಲ್ಲ, ಅಜ್ಜಿಯ ಹಿಂದೆಯೇ ಸುತ್ತಿದಳು. ಅಜ್ಜಿ ವ್ಯಾಪಾರ ಬಿಟ್ಟು ಆಗಲೇ ಬಹಳ ವರ್ಷವಾಗಿತ್ತು. ಆದರೂ ಮಗಳಿಗಾಗಿ ಅಂಗಳದಲ್ಲಿ ಮರಳು ತುಂಬಿದ ಬುಟ್ಟಿ ಎತ್ತಿದಳು, ಇಳಿಸಿದಳು.

ಬುಟ್ಟಿ ಎತ್ತಿಕೊಂಡು ಏಳುವ ಆ ದೃಶ್ಯದ ಬಗ್ಗೆ ನಿರ್ದೇಶಕರಿಗೂ ಅತ್ತೆಗೂ ಜಗಳವಾಯಿತು. ಅದು ತೀರ ನಿಧಾನ, ಪ್ರೇಕ್ಷಕರಿಗೆ ಬೇಸರ ಬರುತ್ತದೆ, ಅರ್ಧಕ್ಕೆ ಕತ್ತರಿಸಿ ಎಂಬುದು ಅವರ ವಾದ. ಅತ್ತೆ ಒಪ್ಪಲಿಲ್ಲ. ಆ ಮುದುಕಿ ಮಾತಾಡುವುದೇ ಕಡಿಮೆ, ಅವಳು ಎಂಥವಳು ಎಂದು ಗೊತ್ತಾಗುವುದು ಅವಳು ಏಳುವುದರಲ್ಲಿ ಎಂದು ಹಟ ಹಿಡಿದಳು. ಮಾತು ಎಷ್ಟು ಬೆಳೆಯಿತೆಂದರೆ, ಅವಳನ್ನು ಸಿನಿಮಾದಿಂದಲೇ ತೆಗೆಯುತ್ತಾರೆ ಎಂಬ ಸುದ್ದಿ ಹಬ್ಬಿತು. ಆಗ ಫೋನಿನಲ್ಲಿ ಅಪ್ಪ, “ಎಂತಕ್ಕೆ ಅಷ್ಟು ಜಿದ್ದು ಮಾರಾಯ್ತಿ? ಅವ್ರು ಹೇಳ್ದಂಗೆ ಮಾಡಿಕೊಡು” ಎಂದ. ಅವಳು, “ಅದು ಅಮ್ಮನ ಏಳೂದು ಅಣ್ಣಾ. ಅರ್ಧ ಎದ್ದು ನಿಲ್ಲೂಕೆ ಬರ್ತದಾ?” ಎಂದಳು. ಕೊನೆಗೆ ಸ್ಟುಡಿಯೋದಲ್ಲಿ ಎರಡೂ ರೀತಿ ಹಾಕಿ ನೋಡಿದರು. ನೋಡಿದ ಮೇಲೆ ನಿರ್ದೇಶಕರೇ ಉದ್ದದ್ದು ಇರಲಿ ಎಂದರು.

ಸಿನಿಮಾ ಕುಮಟಾದ ಟಾಕೀಸಿಗೆ ಬಂತು. ಅತ್ತೆಯೂ ರಜೆ ಹಾಕಿ ಬಂದಳು. ಟೆಂಪೋ ಮಾಡಿಕೊಂಡು ಇಡೀ ಕೇರಿ ಹೊರಟಿತು. ತೆರೆಯ ಮೇಲೆ ಮುದುಕಿ ಬುಟ್ಟಿಗೆ ಕೈಹಾಕಿ, ಒಂದು ಮಂಡಿ ಊರಿ, ಉಸಿರು ಹಿಡಿದು, ಸೊಂಟದಿಂದ ಮೇಲೆ ಬಂದಳು. ಅಜ್ಜಿ ನನ್ನ ತೋಳು ಹಿಡಿದು, “ಹೇ, ಇದು ನಾನಲ್ದಾ?” ಎಂದಳು. ಹಿಂದಿನ ಸಾಲಿನಿಂದ ಯಾರೋ, “ಹೌದೇ, ನೀನೇ” ಎಂದರು.

ಸಿನಿಮಾ ಮುಗಿಯಿತು. ಹೆಸರುಗಳು ಮೇಲೇರಲು ಶುರುವಾದದ್ದೇ ತಡ, ತೆರೆ ಕಪ್ಪಾಗಿ ದೀಪ ಹತ್ತಿತು. ಜನ ಎದ್ದರು. ಅಜ್ಜಿ ಏಳಲಿಲ್ಲ. ಪೊರಕೆ ಹಿಡಿದು ಬಂದ ಟಾಕೀಸಿನವನು, “ಅಜ್ಜಿ, ಮುಗೀತು. ಮುಂದಿನ ಶೋಗೆ ಗುಡಿಸ್ಬೇಕು, ಏಳಿ” ಎಂದ.

“ನಾ ಏಳೂದಿಲ್ಲ. ನನ್ನ ಮಗಳ ಹೆಸ್ರು ಬರೂಕದೆ.”

“ಆಡ್ದವ್ರ ಹೆಸ್ರೆಲ್ಲ ಮೊದ್ಲೇ ಬಂತಲ್ಲ ಅಜ್ಜಿ?”

“ಆಡ್ದವ್ರದ್ದಲ್ಲ ತಮಾ, ಚಿತ್ರ ಬರ್ದವ್ರದ್ದು. ಅದು ಬರೂವರಿಗೆ ನಾ ಇಲ್ಲೇ ಕೂತ್ಕಂತೆ.”

ಅತ್ತೆಗೆ ನಾಚಿಕೆ. “ಅಮ್ಮಾ, ಏಳೇ, ಸಾಕು” ಎಂದು ಸೆರಗು ಜಗ್ಗಿದಳು. ಅಜ್ಜಿ ಕುರ್ಚಿಯ ಕೈಗಳನ್ನು ಇನ್ನೂ ಗಟ್ಟಿ ಹಿಡಿದಳು. ಅಷ್ಟರಲ್ಲಿ ಬಾಗಿಲವರೆಗೆ ಹೋಗಿದ್ದ ಕೇರಿಯವರು ಒಬ್ಬೊಬ್ಬರೇ ಒಳಗೆ ಬಂದು ತಮ್ಮ ತಮ್ಮ ಕುರ್ಚಿಯಲ್ಲಿ ಕೂತರು. ಟಾಕೀಸಿನವನು ಪೊರಕೆ ಗೋಡೆಗೆ ಒರಗಿಸಿ, ಮೇಲೆ ಪ್ರೊಜೆಕ್ಟರ್ ಕೋಣೆಯ ಕಡೆ ನೋಡಿ, “ಕಡೀದೊಂದು ಮತ್ತೆ ಹಾಕು ಮಾರಾಯಾ” ಎಂದು ಕೂಗಿದ. ದೀಪ ಆರಿತು.

ಇಂಗ್ಲಿಷಿನಲ್ಲಿ ಹೆಸರುಗಳು ಏರುತ್ತ ಹೋದವು. ನಾನು ಎದ್ದು ನಿಂತು ಓದುತ್ತಿದ್ದೆ. ಅತ್ತೆಯ ಹೆಸರು ಬಂದಾಗ, “ಬಂತು! ಅದೇ!” ಎಂದು ಕಿರುಚಿದೆ. ಅಜ್ಜಿ, “ಎಲ್ಲಿ? ಯಾವ್ದು?” ಎಂದು ಕೇಳುವಷ್ಟರಲ್ಲಿ ಅದು ಮೇಲೆ ಹೋಗಿ ಮರೆಯಾಯಿತು. ಓದಲು ಬಾರದ ಅಜ್ಜಿ ಆರಾಮಾಗಿ ಹಿಂದಕ್ಕೆ ಒರಗಿ, “ಇರ್ಲಿ, ಬಂತಲ್ಲ” ಎಂದಳು. ಕೇರಿಯವರು ಚಪ್ಪಾಳೆ ತಟ್ಟಿದರು. ನಾನು ಅತ್ತೆಯ ಕಡೆ ತಿರುಗಿದರೆ ಅವಳು ತೆರೆಯನ್ನು ನೋಡುತ್ತಲೇ ಇರಲಿಲ್ಲ. ಆ ಕತ್ತಲಲ್ಲಿ, ಪಕ್ಕದಿಂದ, ತಾಯಿ ಕುರ್ಚಿ ಹಿಡಿದು ಕೂತ ರೀತಿಯನ್ನು ಬರೆಯುತ್ತಿದ್ದಳು. ಆ ಚಿತ್ರ ಈಗ ನನ್ನ ಕೋಣೆಯಲ್ಲಿದೆ.

ಮುಂದೆ ಕಾಗದ ಹೋಗಿ ಕಂಪ್ಯೂಟರ್ ಬಂತು. ಅತ್ತೆಯ ವಾರಿಗೆಯ ಹಲವರು ಕೆಲಸ ಬಿಟ್ಟರು. ಅವಳು ತನ್ನ ಅರ್ಧ ವಯಸ್ಸಿನವರ ಪಕ್ಕ ಕೂತು ಕಲಿತಳು. ಗಾಜಿನ ಹಲಗೆಯ ಮೇಲೆ ಪೆನ್ನು ಜಾರುತ್ತದೆ, ಕಾಗದದ ಹಾಗೆ ಕಚ್ಚುವುದಿಲ್ಲ ಎಂದು ಮೊದಮೊದಲು ಫೋನಿನಲ್ಲಿ ಅತ್ತದ್ದೂ ಉಂಟು. ಆಮೇಲೆ ಆ ಮಕ್ಕಳಿಗೆಲ್ಲ ಅವಳೇ ಕಲಿಸುವವಳಾದಳು. ವಾರಕ್ಕೊಮ್ಮೆ ಅವರನ್ನು ಕಂಪ್ಯೂಟರಿನಿಂದ ಎಬ್ಬಿಸಿ ರೈಲು ನಿಲ್ದಾಣಕ್ಕೆ ಕರೆದುಕೊಂಡು ಹೋಗಿ, ಇಳಿಯುವ ಹತ್ತುವ ಜನರನ್ನು ಬರೆಸುತ್ತಿದ್ದಳಂತೆ.

ನಾನು ಚಿತ್ರಗಾರ್ತಿಯಾಗಲಿಲ್ಲ. ಕುಮಟಾದ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಕಾಲು ಮುರಿದವರನ್ನು, ಪಾರ್ಶ್ವವಾಯು ಬಡಿದವರನ್ನು ಮತ್ತೆ ನಡೆಸುವ ಕೆಲಸ. ಈ ಓದು ಆರಿಸಿಕೊಂಡಾಗ ಯಾಕೆ ಎಂದು ಕೇಳಿದವರಿಗೆ ಏನೇನೋ ಹೇಳಿದ್ದೆ. ನಿಜ ಹೇಳಬೇಕೆಂದರೆ, ಮನುಷ್ಯರು ನಡೆಯುವುದನ್ನು ಗಂಟೆಗಟ್ಟಲೆ ನೋಡಿದರೂ ಬೇಸರವಾಗದಂತೆ ನನ್ನ ಕಣ್ಣನ್ನು ತಿದ್ದಿದವಳು ಅತ್ತೆ. ಅಘನಾಶಿನಿ ಹೊಳೆಯಲ್ಲಿ ಚಿಪ್ಪು ಆಯುವ ಹೆಂಗಸೊಬ್ಬಳು ಸೊಂಟದ ಆಪರೇಶನ್ ಆದಮೇಲೆ ಮೊದಲ ಹೆಜ್ಜೆ ಇಡಲು ಹೆದರಿ ನಿಂತಾಗ, ಅವಳು ಎಷ್ಟು ಹೆದರಿದ್ದಾಳೆ ಎಂಬುದು ಹೆಬ್ಬೆರಳಿನಲ್ಲೇ ನನಗೆ ಕಾಣುತ್ತದೆ. ಅದನ್ನು ಕಾಲೇಜು ಹೇಳಿಕೊಡಲಿಲ್ಲ.

ಅಜ್ಜಿ ತೀರಿಕೊಂಡ ಕೆಲವು ವರ್ಷಗಳಿಗೆ ಅತ್ತೆಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಮಂಗಳೂರಿನ ಆಸ್ಪತ್ರೆಗೆ ನಾನೇ ಜೊತೆಗೆ ಹೋಗುತ್ತಿದ್ದೆ. ಅಲ್ಲಿಯೂ ಅವಳು ಬರೆದಳು, ಹೊರಗೆ ಬೆಂಚಿನ ಮೇಲೆ ಕಾಯುತ್ತ ಕೂತವರ ಬೆನ್ನುಗಳನ್ನು. “ಎಲ್ಲಾರೂ ಒಂದೇ ನಮೂನಿ ಕೂತ್ಕಂತಾರೆ ಅಂದ್ಕಂಡಿದ್ದೆ. ಒಬ್ಬೊಬ್ರದ್ದು ಒಂದೊಂದು ಕಾಯೂದು” ಎಂದಳು. ಕೊನೆಯ ತಿಂಗಳುಗಳನ್ನು ಹೊನ್ನಾವರದ ಮನೆಯಲ್ಲಿ ಕಳೆದಳು. ಈ ಸಲದ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು, ಬೋಟುಗಳು ಮತ್ತೆ ನೀರಿಗಿಳಿದ ವಾರದಲ್ಲಿ ಹೋದಳು.

ಹನ್ನೆರಡನೆಯ ದಿನದ ಊಟಕ್ಕೆ ಸ್ಟುಡಿಯೋದವರು ರೈಲಿನಲ್ಲಿ ಬಂದರು. ಬಂಗಾಳದವರು, ಮರಾಠಿಗರು, ಒಬ್ಬಳು ಮಣಿಪುರದವಳು. ಕನ್ನಡ ಒಬ್ಬರಿಗೂ ಬರುತ್ತಿರಲಿಲ್ಲ. ಕೋಲ್ಕತ್ತಾದ ಗಡ್ಡದವನೊಬ್ಬ ಲ್ಯಾಪ್‌ಟಾಪ್ ತೆರೆದು, ದೃಶ್ಯಗಳಿಗೆ ಮಾದರಿ ಬೇಕಾದಾಗ ಅತ್ತೆಯೇ ಆಡಿ ತೋರಿಸಿದ್ದನ್ನು ತಾವು ಮೊಬೈಲಿನಲ್ಲಿ ಹಿಡಿದ ತುಣುಕುಗಳನ್ನು ತೋರಿಸಿದ. ಅತ್ತೆ ಕುಡುಕನಾಗಿ ನಡೆದಳು. ಹೆದರಿದ ಹಸುವಾದಳು. ಆಗಷ್ಟೇ ನಡೆಯಲು ಕಲಿಯುತ್ತಿರುವ ಕೂಸಾಗಿ ತಟಪಟ ನಾಲ್ಕು ಹೆಜ್ಜೆ ಇಟ್ಟು ಧೊಪ್ಪನೆ ಕೂತಳು. ಸೂತಕದ ಮನೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪ್ರತಿ ತುಣುಕಿನ ಕೊನೆಗೂ ಅವಳು ಮೊಬೈಲ್ ಹಿಡಿದವರ ಕಡೆ ತಿರುಗಿ ಒಂದೇ ಮಾತು ಕೇಳುತ್ತಿದ್ದಳು: “ಆತಾ?”

ಗಡ್ಡದವನು ನನ್ನನ್ನು ಹಿಂದಿಯಲ್ಲಿ ಕೇಳಿದ, ಆ ಮಾತಿಗೆ ನಿಮ್ಮಲ್ಲಿ ಅರ್ಥವೇನು ಎಂದು. ಮುಗಿಯಿತಾ, ಸರಿಹೋಯಿತಾ ಎಂದು, ಎರಡೂ ಹೌದು ಎಂದೆ. ಅವನು ಉಳಿದವರ ಮುಖ ನೋಡಿದ. ತಮ್ಮ ಸ್ಟುಡಿಯೋದಲ್ಲಿ ಒಂದು ದೃಶ್ಯ ಪಾಸಾದರೆ ಯಾರೂ ಓಕೆ ಎನ್ನುವುದಿಲ್ಲ, ಎಷ್ಟೋ ವರ್ಷದಿಂದ ಎಲ್ಲರೂ ‘ಆತು’ ಎಂದೇ ಹೇಳುವುದು, ಹೊಸದಾಗಿ ಸೇರಿದವರು ಅದನ್ನು ಸಿನಿಮಾದವರ ಶಬ್ದ ಎಂದುಕೊಂಡಿದ್ದಾರೆ ಎಂದ.

ಪಂಕ್ತಿಯಲ್ಲಿ ಬಡಿಸುತ್ತಿದ್ದ ಅಪ್ಪನಿಗೆ ಇದೊಂದೂ ಕೇಳಿಸಿರಲಿಲ್ಲ. ಊಟ ಮುಗಿಯುವಾಗ ಅವನು ಪಾಯಸದ ಸೌಟು ಹಿಡಿದು ಆ ಗಡ್ಡದವನ ಎಲೆಯ ಮುಂದೆ ಬಾಗಿ, ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದ: “ಆತಾ?”

ಅವನು ಎಲೆಯ ಮೇಲೆ ಕೈ ಅಡ್ಡ ಹಿಡಿದು, “ಆತು” ಎಂದ. ಹೊನ್ನಾವರದಲ್ಲೇ ಹುಟ್ಟಿದವನ ಹಾಗೆ, ನಮ್ಮ ಅತ್ತೆಯದೇ ರಾಗದಲ್ಲಿ.