ಒಂದೇ ಒಂದು ತೆಗೆಯುವವಳು

ಬೆಳಕನ್ನು ಅಳೆಯುವಂತೆ ಸಿಟ್ಟನ್ನೂ ಅಳೆಯಲು ಬರುತ್ತದೆಯೇ ಎಂದು ಫೋಟೋ ತೆಗೆಯುವ ಗೆಳತಿ ಮುಸರತ ಒಮ್ಮೆ ನನ್ನನ್ನು ಕೇಳಿದಳು. ನಾನು ವಿಜ್ಞಾನದ ಪುಸ್ತಕ ಓದುತ್ತೇನೆಂಬ ಕಾರಣಕ್ಕೆ ಕೇಳಿದ ಪ್ರಶ್ನೆ ಅದು.

ಅವಳು ಭಂಕೂರದವಳು. ತಂದೆ ಚಾಂದ್, ಗಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಸೀಳುತ್ತಿದ್ದ. ಮುಸರತ ಶಹಾಬಾದಿನಲ್ಲಿ ಧರ್ಮಣ್ಣನ ಸ್ಟುಡಿಯೋದಲ್ಲಿ ಆರು ವರ್ಷ ಇದ್ದಳು; ಮದುವೆಗಳಲ್ಲಿ ಹೆಂಗಸರ ಕೋಣೆಯೊಳಗೆ ಹೋಗಿ ಚಿತ್ರ ತೆಗೆಯಲು ಅವನಿಗೊಬ್ಬಳು ಬೇಕಿತ್ತು. 2012ರ ಬೇಸಿಗೆಯಲ್ಲಿ ತಂದೆ ಸುತ್ತಿಗೆ ಕೆಳಗಿಟ್ಟು ಬೀಡಿ ಹಚ್ಚುತ್ತಿದ್ದುದನ್ನು ಸ್ಟುಡಿಯೋದ ಕ್ಯಾಮೆರಾದಲ್ಲೇ ಸೆರೆಹಿಡಿದಳು. ಕಲಬುರಗಿಯ ಒಂದು ಪ್ರದರ್ಶನದಲ್ಲಿ ಆ ಚಿತ್ರಕ್ಕೆ ಬಹುಮಾನ ಬಂತು. ಕೆಳಗಿದ್ದುದು ಧರ್ಮಣ್ಣನ ಹೆಸರು.

"ಅಪ್ಪ ನಮ್ಮಪ್ಪ, ತೆಗ್ದಾಕಿ ನಾ. ನಿಮ್ಮ ಹೆಸ್ರು ಹ್ಯಾಂಗ ಬಂತ್ರಿ?" ಎಂದು ಕೇಳಿದಳು.

ಧರ್ಮಣ್ಣ ಗಿರಾಕಿಯೊಬ್ಬನ ಕಾಲರ್ ಸರಿಪಡಿಸುತ್ತಿದ್ದ. "ಕ್ಯಾಮೆರಾ ಯಾರ್ದೋ ಫೋಟೋ ಅವರ್ದು. ನೀ ಗುಂಡಿ ಒತ್ತಾಕಿ. ಹೋಗು, ಎರಡು ಚಹಾ ಹೇಳು."

ಗಿರಾಕಿ ನಕ್ಕ. ಮುಸರತ ಚಹಾ ಹೇಳಲಿಲ್ಲ, ಹೊರಬಿದ್ದವಳು ಸ್ಟುಡಿಯೋಗೆ ಮರಳಿಯೂ ಹೋಗಲಿಲ್ಲ. ಆ ಚಿತ್ರ ತನ್ನದೆಂದು ಅವನ ಬಾಯಿಂದಲೇ ಹೇಳಿಸಬೇಕು: ಅಂದಿನಿಂದ ಅವಳಿಗಿದ್ದದ್ದು ಅದೊಂದೇ ಹಟ.

ಹಳೆಯ ಕ್ಯಾಮೆರಾವೊಂದನ್ನು ಕೊಂಡಳು. ಹೊಟ್ಟೆಪಾಡಿಗೆ ಮದುವೆಗಳು, ತನ್ನ ಸ್ವಂತ ಚಿತ್ರಗಳಿಗೆ ಮಾತ್ರ ವರ್ಷಕ್ಕೊಂದು ಕಟ್ಟಳೆ. ಕಟ್ಟಳೆಗಳೆಲ್ಲ ಧರ್ಮಣ್ಣನ ಬೈಗುಳಗಳಿಂದಲೇ ಹುಟ್ಟಿದವು. "ಮಟಮಟ ಮಧ್ಯಾಹ್ನ ಯಾರ್ ತೆಗೀತಾರ, ಎಮ್ಮಿ ಸುದ್ದಾ ನೆರಳಿಗಿ ಹೋಗ್ತಾವ" ಎಂದಿದ್ದನಲ್ಲ, ಮೊದಲ ವರ್ಷ ಬರೀ ನಡುಮಧ್ಯಾಹ್ನದ ಚಿತ್ರಗಳು. "ಮಾರಿ ಇಲ್ದ ಫೋಟೋಕ್ಕ ಗಿರಾಕಿ ಇಲ್ಲ" ಎಂದಿದ್ದಕ್ಕೆ ಎರಡನೆಯ ವರ್ಷ ಬೆನ್ನುಗಳು ಮಾತ್ರ: ನಾಲವಾರ ಸ್ಟೇಷನ್ನಿನಲ್ಲಿ ಗಂಟು ಹೊತ್ತವರ, ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಯ ಪಾಳಿ ಮುಗಿಸಿ ಬರುವವರ ಬೆನ್ನು. "ಹತ್ತು ಹೊಡದ್ರ ಒಂದು ಬರ್ತದ" ಎಂದಿದ್ದಕ್ಕೆ ಮೂರನೆಯ ವರ್ಷದಿಂದ ಒಬ್ಬರಿಗೆ ಒಂದೇ ಕ್ಲಿಕ್ಕು. ಈ ಕೊನೆಯದನ್ನು ಅವಳು ಮತ್ತೆಂದೂ ಬಿಡಲಿಲ್ಲ.

ಬೆಳಕಿನ ಅಳತೆಗೆ ಅವಳ ಬಳಿ ಉಪಕರಣವಿರಲಿಲ್ಲ. ತಂದೆಯ ಗಣಿಯ ಅಂಗೈಯಗಲದ ಬೂದು ಫರ್ಸಿಯೊಂದನ್ನು ಎದುರಿನವರ ಪಕ್ಕದಲ್ಲಿಟ್ಟು, ಅದು ಕಂಡಂತೆ ಕ್ಯಾಮೆರಾ ಹೊಂದಿಸುತ್ತಿದ್ದಳು. ನನಗೆ ನಂಬಿಕೆ ಬರಲಿಲ್ಲ. ಮೀಟರ್ ಎರವಲು ತಂದು ಇಪ್ಪತ್ತು ಬಾರಿ ಹೋಲಿಸಿದೆ. ಇಪ್ಪತ್ತು ಬಾರಿಯೂ ಕಲ್ಲಿನ ಅಳತೆ ಸರಿಯಿತ್ತು.

ಬರಬರುತ್ತ ಸೇಡಂ, ಚಿಂಚೋಳಿಯಿಂದಲೂ ಜನ ಅವಳನ್ನು ಹುಡುಕಿಕೊಂಡು ಬಂದರು. ಅವಮಾನವೇ ಅವಳನ್ನು ಬೆಳೆಸಿತೆಂದು ಹಲವರು ಹೇಳುತ್ತಾರೆ. ಅವಮಾನವಾಗದ ಇನ್ನೊಬ್ಬ ಮುಸರತಳನ್ನು ಪಕ್ಕದಲ್ಲಿಟ್ಟು ಹೋಲಿಸಲು ಬರುವುದಿಲ್ಲವಾದ್ದರಿಂದ ನಾನು ಹಾಗೆ ಹೇಳಲಾರೆ.

2021ರಲ್ಲಿ ಧರ್ಮಣ್ಣ ಅವಳ ಮನೆಗೇ ಬಂದ. ರೋಗ ಬಲಿತಿತ್ತು. ಬದುಕೆಲ್ಲ ಕ್ಯಾಮೆರಾದ ಹಿಂದೆ ನಿಂತವನಿಗೆ ತನ್ನದೊಂದು ನೆಟ್ಟಗಿನ ಚಿತ್ರವಿರಲಿಲ್ಲ. ನಾನು ಅಂದು ಅಲ್ಲೇ ಇದ್ದೆ.

"ನಾಳಿಗಿ ಗ್ವಾಡಿಗಿ ಹಾಕಿ ಹೂವು ಏರಿಸ್ಲಿಕ್ಕ ಒಂದು ಬೇಕವ್ವ," ಎಂದ. "ನಿನ್ನಷ್ಟು ಚಂದ ಈ ಕಡಿ ಯಾರ್ ತೆಗೀತಾರ?"

"ಮೊದ್ಲು ನಮ್ಮಪ್ಪನ ಫೋಟೋ ಯಾರ್ದು ಹೇಳ್ರಿ."

"ಇನ್ನಾ ಅದೇ ಹಿಡ್ಕೊಂಡು ಕುಂತೀಯಾ?" ಧರ್ಮಣ್ಣ ನಕ್ಕ. "ಕ್ಯಾಮೆರಾ ನಂದಿತ್ತಲ್ಲವ್ವ."

"ಕುಂದ್ರಿ," ಎಂದಳು ಮುಸರತ.

ನಡುಮಧ್ಯಾಹ್ನ. ಅವನ ಮೊಣಕಾಲ ಬಳಿ ಕಲ್ಲಿಟ್ಟಳು, ನೋಡಿದಳು, ತೆಗೆದಳು, ಒಂದು ಕ್ಲಿಕ್ಕು. ಎರಡು ವಾರದ ನಂತರ ಚಿತ್ರ ಒಯ್ಯಲು ಧರ್ಮಣ್ಣನ ಹೆಂಡತಿ ಭಾಗಮ್ಮ ಬಂದಳು.

"ಬಿಸಿಲಿಗಿ ಸುಟ್ಟು ಬೆಳ್ಳಗಾಗ್ಯಾದ್ರಿ. ಏನೂ ಉಳಿದಿಲ್ಲ," ಎಂದಳು ಮುಸರತ.

"ಮತ್ತೊಂದು ತೆಗಿಯವ್ವ. ನಿನ್ನ ಕಾಲಿಗಿ ಬೀಳ್ತೀನಿ, ಭಾಳ ದಿನ ಇರಾಂಗಿಲ್ಲ ಅವರು."

"ನಾ ಒಬ್ರಿಗಿ ಒಂದೇ ತೆಗಿಯಾಕಿರಿ. ಅವರೇ ಕಲಿಸಿದ್ದು."

ತಿಂಗಳೊಳಗೆ ಧರ್ಮಣ್ಣ ತೀರಿಕೊಂಡ. ಆಧಾರ್ ಕಾರ್ಡಿನ ಮುಖವನ್ನು ಹಿಗ್ಗಿಸಿ ಗೋಡೆಗೆ ಹಾಕಿದ್ದಾರೆ. ಹೂವಿನ ಹಾರದೊಳಗೆ ಒಂದು ಕಲೆಯಷ್ಟೇ ಕಾಣುತ್ತದೆ. ಆ ಕಲ್ಲು ತಪ್ಪುವುದಿಲ್ಲವೆಂದು ನಾನು ಬಲ್ಲೆ. ಆದರೂ ಅವಳನ್ನು ಕೇಳಲಿಲ್ಲ.

2024ರಲ್ಲಿ ನ್ಯುಮೋನಿಯಾದಿಂದ ಮುಸರತ ಹೋದಳು. ನಲವತ್ತಮೂರು ವರ್ಷ. ನಲವತ್ತನೆಯ ದಿನದ ಪ್ರಾರ್ಥನೆ ಕಳೆದ ಮೇಲೆ ತಂಗಿ ಜಬೀನಾ ಟ್ರಂಕು ತೆಗೆದು ನನ್ನನ್ನು ಕರೆದಳು. ಬಟ್ಟೆಗಳ ಕೆಳಗೆ ಧರ್ಮಣ್ಣನಿದ್ದ, ರೆಪ್ಪೆಯ ಒಂದೊಂದು ಕೂದಲೂ ಎಣಿಸುವಂತೆ. ಗಾಜು, ಚೌಕಟ್ಟು, ಗೋಡೆಗೆ ತೂಗಹಾಕಲು ಹಿತ್ತಾಳೆಯ ಕೊಂಡಿ, ಎಲ್ಲವೂ ಇತ್ತು. ಹಿಂಬದಿಯಲ್ಲಿ ಚೌಕಟ್ಟು ಹಾಕಿದ ಅಂಗಡಿಯ ಮೊಹರು. ಅದರ ತಾರೀಖು ಭಾಗಮ್ಮ ಬಂದುಹೋದ ದಿನಕ್ಕಿಂತ ಐದು ದಿನ ಮೊದಲಿನದು.